ಮೊಣಕೈ ಹಿಡಿದವಳು

ನಮ್ಮ ಊರು ವುಚ್. ನಮ್ಮ ಮಾತಿನಲ್ಲಿ ಹಾಗೆಂದರೆ ದೋಣಿ.
ದೋಣಿಗೆ ನೀರೆಲ್ಲಿ ಎನ್ನಬೇಡಿ.
ಹತ್ತಾರು ಹೊಳೆಗಳಿದ್ದವು. ಗಿರಣಿಗಳು ಬಂದು
ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು ಕುಡಿಸಿದವು;
ನಾತ ತಾಳದೆ ಜನ ಹೊಳೆಗಳನ್ನು
ಇಟ್ಟಿಗೆಯ ಕೊಳವೆಗಿಳಿಸಿ ಮಣ್ಣೆಳೆದು
ಮೇಲೆ ಟ್ರಾಮು ಓಡಿಸಿದರು.
ಈಗಲೂ ಹರಿಯುತ್ತವೆ,
ಚರ್ಮದಡಿ ನಾಳದಂತೆ, ಯಾರಿಗೂ ಹೇಳದೆ.

ಹಳೆಯ ಗಿರಣಿಯ ಮೂರನೇ ಮಹಡಿಯಲ್ಲಿ
ಈಗ ನಮ್ಮ ಪ್ರಯೋಗಶಾಲೆ. ನನ್ನ ಕೆಲಸ ಎಣಿಸುವುದು.
ಬಿಳಿಯ ಚಿಟ್ಟಿಲಿಯ ಎಡಗಿವಿ ಊದಿ ಕೆಂಪಾಗಿದೆ
(ಊದಿಸಿದವರು ನಾವೇ;
ವರದಿಯಲ್ಲಿ ಅದಕ್ಕೆ ಬೇರೆ ಕ್ರಿಯಾಪದವಿದೆ).
ನಾಳಕ್ಕೆ ಬಿಟ್ಟ ಕಾಂಡಕೋಶಗಳಲ್ಲಿ
ಆ ಕಿವಿ ಮುಟ್ಟಿದ್ದೆಷ್ಟು?
ಕತ್ತಲಲ್ಲಿ ಹಸಿರು ಚುಕ್ಕಿ: ಒಂದು. ಇನ್ನೊಂದು.
ಮತ್ತೆ ಬಹಳ ಹೊತ್ತು ಬರೀ ಕತ್ತಲು.

ಮಜ್ಜೆಯಲ್ಲಿದ್ದಾಗ ಅವಕ್ಕೂ ಕಿವಿ ಇತ್ತು.
ಎಲ್ಲೋ ಗಾಯ ಕೂಗಿದರೆ
ಇಲ್ಲಿ ಮೈ ಜುಮ್ಮೆನ್ನುತ್ತಿತ್ತು.
ಪ್ಲಾಸ್ಟಿಕ್ಕಿನ ನೆಲದ ಮೇಲೆ ಬೆಚ್ಚಗೆ ಉಂಡು
ಹತ್ತು ನೂರಾಗಿ, ನೂರು ಲಕ್ಷವಾಗುವಷ್ಟರಲ್ಲಿ
ಕಿವುಡಾದವು. ಯಾರೂ ಕರೆಯದ ಕಡೆ
ಕೇಳಿಸಿಕೊಳ್ಳುವುದು ಮರೆತುಹೋಗುತ್ತದೆ.

ಒಟಿಲ್ಯಾ ಚಿಕ್ಕಮ್ಮ ಇದೇ ಕಟ್ಟಡದಲ್ಲಿ
ಇಪ್ಪತ್ತೆರಡು ವರ್ಷ ಮಗ್ಗ ನೋಡಿಕೊಂಡಳು.
ಮಗ್ಗಗಳು ಅವಳ ಕಿವಿ ತಿಂದವು, ಮೊದಲು ಹಕ್ಕಿಗಳನ್ನು,
ಆಮೇಲೆ ಮಕ್ಕಳನ್ನು, ಕೊನೆಗೆ ಸೈರನ್ನನ್ನೂ.
ಚಳಿಗಾಲದ ಐದು ಗಂಟೆಗೆ ಊರಿಗೂರೇ ಏಳುವಾಗ
ಅವಳೊಬ್ಬಳಿಗೆ ನಿಶ್ಶಬ್ದ.
ಹೆಬ್ಬೆರಳಿಗೆ ನೂಲು ಕಟ್ಟಿ, ಕಿಟಕಿಯಾಚೆ ಇಳಿಬಿಟ್ಟು ಮಲಗುತ್ತಿದ್ದಳಂತೆ;
ಕೆಳಮನೆಯ ಗೆನೊವೆಫಾ ಬಂದು ಜಗ್ಗುತ್ತಿದ್ದಳು.
ಆಮೇಲೆ ಮಂಜುಗಟ್ಟಿದ ಬೀದಿಯುದ್ದಕ್ಕೂ
ಮೊಣಕೈ ಹಿಡಿದು ನಡಿಗೆ, ಹಿಂದಿನಿಂದ ಬರುವ
ಟ್ರಾಮಿನ ಗಂಟೆ ಇಬ್ಬರ ಪಾಲಿಗೂ ಒಬ್ಬಳೇ ಕೇಳುತ್ತ.
ದಾರಿ ಗೊತ್ತಿತ್ತು ಚಿಕ್ಕಮ್ಮನಿಗೆ.
ಹೊತ್ತು ಗೊತ್ತಾಗುತ್ತಿರಲಿಲ್ಲ.

ಅದನ್ನೇ ನಾವು ಉಂಡೆ ಕಟ್ಟುತ್ತಿದ್ದೇವೆ.
ಸಾಸಿವೆಯ ಅಗಲವನ್ನು ಸಾವಿರ ಪಾಲು ಮಾಡಿ
ಒಂದು ಪಾಲು ಎತ್ತಿಕೊಳ್ಳಿ, ಅಷ್ಟು.
ಗಾಯ ಹೊಲಿದು ತಾನೇ ಕರಗಿಹೋಗುವ ದಾರವಿದೆಯಲ್ಲ,
ಅದೇ ದ್ರವ್ಯ; ಹೊಟ್ಟೆಯೊಳಗೆ ಚೂರು ಮದ್ದು.
ಕೋಶ ಅದನ್ನು ನುಂಗುತ್ತದೆ, ಬುತ್ತಿಯೆಂದುಕೊಂಡು.
ಉಂಡೆ ದಿನಕ್ಕಿಷ್ಟಿಷ್ಟೇ ಕರಗುತ್ತದೆ,
ಮದ್ದು ತೊಟ್ಟಿಕ್ಕುತ್ತದೆ, ಕೋಶದ ಮೈಮೇಲೆ
ಒಂದೊಂದಾಗಿ ಕೊಕ್ಕೆ ಮೂಡುತ್ತವೆ.
ಕೆಂಪಾದ ಗೋಡೆಯ ಬಳಿ ಉರುಳಿ ಹೋಗುವಾಗ
ತಟ್ಟನೆ ತಡೆದು, ಅಲ್ಲೇ
ಕಚ್ಚಿಕೊಳ್ಳುತ್ತದೆ.
ಒಳಗಿನಿಂದಲೇ ಮೊಣಕೈ ಹಿಡಿದಂತೆ.

ನಿನ್ನೆ, ಉಂಡೆಯಿಲ್ಲದವು: ಏಳು.
ಇವತ್ತು ಹತ್ತೊಂಬತ್ತು.
ನಾಲ್ಕು ಸಲ ಎಣಿಸಿದೆ. ಯರೆಮಿ ಕುರ್ಚಿಯ ಸಮೇತ ಸುತ್ತಿದ,
ಯಾರಿಗೋ ಫೋನು ಮಾಡಿದ, ಎದುರು ಅಂಗಡಿಯಿಂದ
ಗಸಗಸೆಯ ರೊಟ್ಟಿ ತಂದ.

ರಾತ್ರಿ ಚಿಕ್ಕಮ್ಮನ ಎದುರು ಕೂತು
ತುಟಿ ಬಿಡಿಸಿ ಬಿಡಿಸಿ ಹೇಳಿದೆ: ಹತ್ತೊಂಬತ್ತು.
ಕಳಿಸಿದ್ದೆಷ್ಟು?
ಐದು ಲಕ್ಷ.
ಉಳಿದವು?
ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ, ಚಿಕ್ಕಮ್ಮ.
ಅವಳು ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು;
ಹತ್ತಿಯ ಧೂಳು ಇನ್ನೂ ಅಲ್ಲಿದೆ.
ಆಮೇಲೆ ಅಂದಳು, ತನಗೇ ಕೇಳದ ದನಿಯಲ್ಲಿ, ತುಸು ಜೋರಾಗಿ:
ಗೆನೊವೆಫಾ ಬಿಡುತ್ತಿದ್ದದ್ದು ಗೇಟಿನವರೆಗೆ.
ಮಗ್ಗದ ಮುಂದೆ ನಾನೇ ನಿಲ್ಲಬೇಕಿತ್ತು.

ಕೊನೆಯ ಟ್ರಾಮು ಇನ್ನೂ ಬಂದಿಲ್ಲ.
ನಿಂತ ಕಲ್ಲಿನ ಕೆಳಗೆ, ಚರಂಡಿಯ ಜಾಲರಿಯಲ್ಲಿ
ಹೊಳೆಯ ಸದ್ದು; ಬಗ್ಗಿದರೆ ಮಾತ್ರ ಕೇಳುತ್ತದೆ.
ಹತ್ತೊಂಬತ್ತು ಈಗ ಏನು ಮಾಡುತ್ತಿರಬಹುದು,
ಆ ಕೆಂಪು ಕಿವಿಯೊಳಗೆ?
ನಾಳೆ ಎಂಟಕ್ಕೆ ಊತ ಅಳೆಯಬೇಕು.
ಅಳತೆಗೋಲು ಮೇಜಿನ ಎಡ ಖಾನೆಯಲ್ಲಿದೆ.